ಗೋಕಟ್ಟೆಯ ಬಳಿ ನಿಂತ ಮನೆಗಾಡಿ



ಕಳೆದ ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಮಣ್ಣಿನ ಮಾದರಿ ತೆಗೆಯಲೆಂದು ನಮ್ಮ ತಾಲ್ಲೂಕಿನ ಒಂದು ಹಳ್ಳಿಗೆ ಹೋಗಿದ್ದೆ. ಊರಾಚೆಯ ಗೋಕಟ್ಟೆಯ ದಂಡೆಯಲ್ಲಿ, ದನ ನೀರಿಗಿಳಿಯುವ ಇಳಿಜಾರಿಗೆ ಸರಿಯಾಗಿ ಎದುರು, ದೊಡ್ಡದೊಂದು ಬಿಳಿ ವ್ಯಾನು ನಿಂತಿತ್ತು. ಅದರ ಮಗ್ಗುಲಿಗೆ ಕಟ್ಟಿದ್ದ ಬಟ್ಟೆಯ ಚಪ್ಪರ ಗಾಳಿಗೆ ಪಟಪಟ ಬಡಿಯುತ್ತಿತ್ತು. ಮೇವಿನಿಂದ ಹಿಂದಿರುಗಿದ ನಲವತ್ತರಷ್ಟು ದನಗಳು ದೂರದಲ್ಲೇ ಗುಂಪುಗಟ್ಟಿ, ನೀರು ಕಂಡೂ ಮುಂದೆ ಬರಲು ಹೆದರಿ ನಿಂತಿದ್ದವು. ಕಾಯುವ ಹುಡುಗ ಕೋಲು ಹಿಡಿದು ಏನು ಮಾಡಬೇಕೆಂದು ತೋಚದೆ ನೋಡುತ್ತಿದ್ದ.

ವ್ಯಾನಿನಲ್ಲಿದ್ದವರು ಬೆಂಗಳೂರಿನ ಗಂಡ, ಹೆಂಡತಿ, ಇಬ್ಬರು ಮಕ್ಕಳು. ಕೆಟ್ಟ ಜನರಲ್ಲ. “ಇಲ್ಲಿ ಯಾರೂ ಇರಲಿಲ್ಲ ಸರ್, ಖಾಲಿ ಜಾಗ ಅಂತ ನಿಲ್ಲಿಸಿದೆವು” ಎಂದರು. ಅಷ್ಟರಲ್ಲಿ ಅಲ್ಲಿಗೆ ಬಂದ ಹಿರಿಯ ರೈತರೊಬ್ಬರು, “ಖಾಲಿ ಅಲ್ಲ ಸ್ವಾಮಿ, ದನ ಮೇಯಕ್ಕೆ ಹೋಗಿದ್ವು, ಅಷ್ಟೇ” ಎಂದರು. ಆಮೇಲೆ ಅವರೇ ಮುಂದೆ ನಡೆದು, ರಾಗಿ ಒಕ್ಕಣೆ ಮುಗಿದಿದ್ದ ತಮ್ಮ ಕಣದಲ್ಲಿ ಜಾಗ ತೋರಿಸಿದರು. ಬೆಳಿಗ್ಗೆ ಹೊರಡುವಾಗ ಆ ಸಂಸಾರ ಹಣ ಕೊಡಲು ಬಂತಂತೆ. ತೆಗೆದುಕೊಳ್ಳಬಹುದೋ ಬಾರದೋ, ಇಂಥವರು ಮತ್ತೆ ಬಂದರೆ ಇಳಿಸಿಕೊಳ್ಳಬೇಕೋ ಬೇಡವೋ ಎಂದು ಅವರು ನನ್ನನ್ನು ಕೇಳಿದರು. ಆಗ ಅರೆಬರೆ ಉತ್ತರ ಕೊಟ್ಟೆ. ವಿಚಾರಿಸಿ ನೋಡಿದ ಮೇಲೆ ಹೇಳಬೇಕಾದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇಂದಲ್ಲ ನಾಳೆ ನಿಮ್ಮ ಊರಿಗೂ ಇಂಥ ಗಾಡಿ ಬಂದೀತು.

ಇದನ್ನು ಕ್ಯಾರವಾನ್ ಎನ್ನುತ್ತಾರೆ. ಅಮೆರಿಕದವರು ಆರ್.ವಿ. ಎನ್ನುತ್ತಾರೆ. ನಾವು ಮನೆಗಾಡಿ ಎಂದುಕೊಳ್ಳೋಣ. ಒಳಗೆ ಹಾಸಿಗೆ, ಒಲೆ, ನೀರಿನ ತೊಟ್ಟಿ, ಪಾಯಖಾನೆ. ಮೇಲೆ ಸೌರಫಲಕ, ಕೆಳಗೆ ಬ್ಯಾಟರಿ. ಹೋಟೆಲು, ಕರೆಂಟು, ನಲ್ಲಿ ಯಾವುದರ ಹಂಗೂ ಇಲ್ಲದೆ ಎರಡು ಮೂರು ದಿನ ಜನಸಂಚಾರವಿಲ್ಲದ ಕಡೆ ಇರಬೇಕೆಂಬುದೇ ಅವರ ಆಸೆ. ನೆರೆಯ ಕೇರಳ ಸರ್ಕಾರ 2021ರಲ್ಲಿ ಇದಕ್ಕೆಂದೇ ಒಂದು ನೀತಿ ಮಾಡಿತು.

ಈ ಪದ್ಧತಿ ದೊಡ್ಡದಾಗಿ ಬೆಳೆದದ್ದು ಅಮೆರಿಕದ ಪಶ್ಚಿಮದ ರಾಜ್ಯಗಳಲ್ಲಿ. ಅದಕ್ಕೆ ಕಾರಣ ಅಲ್ಲಿನ ನೆಲ. ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ಎಂಬ ಒಂದೇ ಇಲಾಖೆಯ ಕೈಯಲ್ಲಿ ಸುಮಾರು 24.5 ಕೋಟಿ ಎಕರೆ ಸರ್ಕಾರಿ ಭೂಮಿಯಿದೆ; ನಮ್ಮ ಇಡೀ ಕರ್ನಾಟಕದ ಐದು ಪಟ್ಟು. ಅದರ ಬಹುಭಾಗದಲ್ಲಿ ಯಾರು ಬೇಕಾದರೂ ಗಾಡಿ ನಿಲ್ಲಿಸಿ ತಂಗಬಹುದು. ಆದರೆ ಅದು ಬೀಡು ನೆಲವೆಂದು ತಿಳಿಯಬೇಡಿ. 1934ರ ಟೇಲರ್ ಮೇವು ಕಾಯಿದೆಯ ಕಾಲದಿಂದಲೂ ಅಲ್ಲಿ ದನ ಸಾಕುವವರು ಪರವಾನಗಿ ಪಡೆದು ಹಿಂಡು ಮೇಯಿಸುತ್ತಾರೆ. ಅದೇ ಹುಲ್ಲಿನ ಮೇಲೆ ದನವೂ ಇರಬೇಕು, ಗಾಡಿಯೂ ಇರಬೇಕು. ಹಾಗಾಗಿ ಕಟ್ಟುಪಾಡುಗಳು ಬಂದಿವೆ. ಸಾಮಾನ್ಯವಾಗಿ 28 ದಿನಗಳಲ್ಲಿ 14 ದಿನಕ್ಕಿಂತ ಹೆಚ್ಚು ಒಂದು ಕಡೆ ಇರುವಂತಿಲ್ಲ. ಹೊಳೆ, ಹಳ್ಳ, ಕೆರೆಗಳಿಂದ 200 ಅಡಿ ದೂರವಿರಬೇಕು. ಅರಿಜೋನಾ ರಾಜ್ಯದಲ್ಲಂತೂ ದನಕರು, ಕಾಡುಪ್ರಾಣಿ ನೀರು ಕುಡಿಯುವ ಗುಂಡಿಗೆ ಅಡ್ಡಿಯಾಗುವಂತೆ ಕಾಲು ಮೈಲಿಯೊಳಗೆ ಬಿಡಾರ ಹೂಡುವುದು ಕಾನೂನಿನ ಪ್ರಕಾರ ಅಪರಾಧ. ಬೇಲಿಯ ಗೇಟು ತೆರೆದಿದ್ದರೆ ತೆರೆದೇ ಬಿಡಬೇಕು, ಮುಚ್ಚಿದ್ದರೆ ದಾಟಿದ ಮೇಲೆ ಮುಚ್ಚಬೇಕು.

ಅಲ್ಲಿ ಅನುಭವವುಳ್ಳವರು ಜಾಗ ಹುಡುಕುವ ರೀತಿಯೂ ತಿಳಿಯತಕ್ಕದ್ದು. ಮೊದಲು ನಕ್ಷೆಯಲ್ಲಿ ಆ ನೆಲ ಯಾರದೆಂದು ನೋಡುತ್ತಾರೆ. ಆ ಭಾಗದ ಕಚೇರಿಗೆ ಫೋನು ಮಾಡಿ, ದಾರಿ ಹೇಗಿದೆ, ಬೆಂಕಿಗೆ ನಿಷೇಧವಿದೆಯೇ ಎಂದು ಕೇಳುತ್ತಾರೆ. ಬೆಳಕಿರುವಾಗಲೇ ತಲುಪುತ್ತಾರೆ. ದಾರಿಯ ಬಗ್ಗೆ ಅನುಮಾನ ಬಂದರೆ ಗಾಡಿ ನಿಲ್ಲಿಸಿ, ಇಳಿದು ನಡೆದು ನೋಡಿ ಬರುತ್ತಾರೆ. ಹಿಂದೆ ಯಾರೋ ತಂಗಿ ಗಟ್ಟಿಯಾದ ನೆಲದಲ್ಲೇ ತಾವೂ ತಂಗುತ್ತಾರೆ, ಹೊಸ ಹುಲ್ಲು ತುಳಿಯುವುದಿಲ್ಲ.

ನಮ್ಮಲ್ಲಿಗೆ ಬರುವವರು ಗಾಡಿಯನ್ನು ತಂದರು, ಈ ಕಟ್ಟುಪಾಡುಗಳನ್ನು ತರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ನಮ್ಮಲ್ಲಿ ಆ ನೆಲವೇ ಇಲ್ಲ. ಹೊರಗಿನವರ ಕಣ್ಣಿಗೆ ಖಾಲಿ ಕಾಣುವುದೆಲ್ಲ ನಮ್ಮಲ್ಲಿ ಒಂದಲ್ಲ ಒಂದು ಬಳಕೆಯಲ್ಲಿರುತ್ತದೆ. ಗೋಮಾಳ ಊರ ದನದ ಮೇವಿಗೆಂದು 1964ರ ಭೂಕಂದಾಯ ಕಾಯಿದೆಯಡಿ ಮೀಸಲಾದದ್ದು. ಅಮೃತಮಹಲ್ ಕಾವಲುಗಳ ಮಾತೂ ಅಷ್ಟೇ. ಗುಂಡುತೋಪಿನಲ್ಲಿ ಹಬ್ಬ, ಜಾತ್ರೆ ನಡೆಯುತ್ತವೆ. ಕೆರೆಯಂಗಳದಲ್ಲಿ ನೀರಿಳಿದ ಮೇಲೆ ಮೇವು ಚಿಗುರುತ್ತದೆ. ಅಭಯಾರಣ್ಯದೊಳಗೆ 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಅನುಮತಿಯಿಲ್ಲದೆ ಕಾಲಿಡುವಂತಿಲ್ಲ.

ಹೀಗಿರುವಾಗ ಈ ಗಾಡಿಗಳು ನ್ಯಾಯವಾಗಿ ನಿಲ್ಲಬಹುದಾದ ಒಂಟಿ ಜಾಗ ಯಾವುದು? ರೈತನ ಹೊಲ, ರೈತನನ್ನು ಕೇಳಿ. ಫ್ರಾನ್ಸ್ ದೇಶದಲ್ಲಿ 1990ರ ದಶಕದಿಂದಲೇ ದ್ರಾಕ್ಷಿ ಬೆಳೆಗಾರರೂ ಹೈನುಗಾರರೂ ಮನೆಗಾಡಿಗಳನ್ನು ಒಂದು ರಾತ್ರಿಗೆ ತಮ್ಮ ಜಮೀನಿಗೆ ಬಿಟ್ಟುಕೊಳ್ಳುತ್ತಿದ್ದಾರೆ. ನಿಲ್ಲಲು ಬಾಡಿಗೆಯಿಲ್ಲ, ಬಂದವರು ಅವರಲ್ಲೇ ಹಣ್ಣು, ಗಿಣ್ಣು ಕೊಳ್ಳುತ್ತಾರೆ. ಅಷ್ಟು ದೂರ ಯಾಕೆ ಹೋಗಬೇಕು? ಸುಗ್ಗಿ ಮುಗಿದ ಮೇಲೆ ಬರುವ ಕುರಿಗಾಹಿಗಳನ್ನು ನೋಡಿ. ಅವರಂತೆ ಬಯಲಲ್ಲಿ ಬಾಳುವವರು ಯಾರಿದ್ದಾರೆ! ಆದರೂ ಹೇಳದೆ ಕೇಳದೆ ಒಬ್ಬರ ಹೊಲದಲ್ಲಿ ಮಂದೆ ನಿಲ್ಲಿಸುವುದಿಲ್ಲ. ಎಷ್ಟು ರಾತ್ರಿ, ಎಷ್ಟು ಕಾಳು, ನೀರು ಎಲ್ಲಿ ಎಂದು ಮೊದಲೇ ಮಾತಾಗಿರುತ್ತದೆ. ಮಂದೆ ಹೋದ ಮೇಲೆ ಹೊಲದಲ್ಲಿ ಗೊಬ್ಬರ ಉಳಿಯುತ್ತದೆ. ಮನೆಗಾಡಿಯವರು ಗೊಬ್ಬರ ಬಿಟ್ಟುಹೋಗುವುದಿಲ್ಲವಾದ್ದರಿಂದ ಮಾತು ಇನ್ನಷ್ಟು ಬಿಗಿಯಾಗಿರಬೇಕು.

ಮುಖ್ಯವಾಗಿ ಬದುವಿನ ವಿಷಯ. ಈ ಗಾಡಿಗಳ ತೂಕ ನಾಲ್ಕು ಟನ್ನಿನ ಆಸುಪಾಸು, ಹೊಟ್ಟೆ ಬೇರೆ ನೆಲಕ್ಕೆ ಹತ್ತಿರ. ಹೊಲದೊಳಗೆ ಬರಲು ಬದು ಅಡ್ಡ ಬಂದರೆ “ಸ್ವಲ್ಪ ಕಡಿದು ದಾರಿ ಮಾಡೋಣ” ಎನ್ನುವ ಉತ್ಸಾಹ ಅತಿಥಿಗೂ ಬರುತ್ತದೆ, ನಮ್ಮ ಹುಡುಗರಿಗೂ ಬರುತ್ತದೆ. ದಯವಿಟ್ಟು ಒಪ್ಪಬೇಡಿ. ಸಮಪಾತಳಿ ಬದುವಿನಲ್ಲಿ ಮೂರು ಮೊಳ ಕಡಿದ ಕಂಡಿ ಮೊದಲ ದೊಡ್ಡ ಮಳೆಗೆ ಕೊರಕಲಾಗುತ್ತದೆ. ಮೇಲಿನ ಹೊಲದ ನೀರೆಲ್ಲ ಅದೊಂದೇ ಬಾಯಿಗೆ ನುಗ್ಗಿ, ಕೆಳಗಿನವರ ಮೇಲ್ಮಣ್ಣನ್ನೂ ಎಳೆದುಕೊಂಡು ಹೋಗುತ್ತದೆ. ಒಂದು ರಾತ್ರಿಯ ಅತಿಥಿಗಾಗಿ ಕಡಿದದ್ದನ್ನು ಸರಿಪಡಿಸಲು ವರ್ಷಗಳು ಬೇಕಾದ ಉದಾಹರಣೆ ನನ್ನ ವಲಯದಲ್ಲೇ ಇದೆ. ಆ ಹೊಲಕ್ಕೆ ಗಾಡಿ ಬಂದದ್ದು ಮದುವೆಗೆ, ಅಷ್ಟೇ ವ್ಯತ್ಯಾಸ. ಎತ್ತಿನಗಾಡಿ ಹೋಗುವ ದಾರಿ ಇದ್ದರೆ ಬರಲಿ, ಇಲ್ಲದಿದ್ದರೆ ರಸ್ತೆಯಂಚಿನಲ್ಲೇ ನಿಲ್ಲಲಿ.

ಎರೆಭೂಮಿಯವರು ಹದ ಆರುವವರೆಗೆ ಯಾರನ್ನೂ ಒಳಗೆ ಬಿಡದಿರುವುದೇ ಲೇಸು. ಚಕ್ರ ಹೂತರೆ ಟ್ರ್ಯಾಕ್ಟರಿನಿಂದ ಎಳೆಯಬೇಕು, ಎಳೆದ ಜಾಡಿನಲ್ಲಿ ಮಣ್ಣು ಬಿಗಿದು ಮುಂದಿನ ಬೆಳೆ ಕುಂಠಿತವಾಗುತ್ತದೆ. ಗರಸು ನೆಲ, ಬೀಳುಬಿಟ್ಟ ಕಲ್ಲುನೆಲ, ಹಳೆಯ ಕಣ ಇವೇ ಯೋಗ್ಯ. ಚಕ್ರಕ್ಕೆ ಮೆತ್ತಿದ ಮಣ್ಣನ್ನೂ ಒಮ್ಮೆ ನೋಡಿ. 1950ರ ದಶಕದಲ್ಲಿ ಪುಣೆಯ ಬಳಿ ಕಂಡ ಕಾಂಗ್ರೆಸ್ ಹುಲ್ಲು ದೇಶವೆಲ್ಲ ಹಬ್ಬಿದ್ದು ಹೇಗೆಂದು ನಿಮಗೆ ಗೊತ್ತೇ ಇದೆ. ಗಾಡಿ ಹೋದ ಜಾಗದಲ್ಲಿ ಮಳೆ ಬಿದ್ದ ಮೇಲೆ ಹೊಸ ಕಳೆ ಮೊಳೆತಿದೆಯೇ ನೋಡಿ, ಹೂ ಬಿಡುವ ಮೊದಲೇ ಕೀಳಿ.

ಇನ್ನು ಪಾಯಖಾನೆ. ಹೇಳಲು ಸಂಕೋಚವಾದರೂ ಇದನ್ನು ಬಿಡುವಂತಿಲ್ಲ. ಗಾಡಿಯೊಳಗಿನ ಮಲದ ತೊಟ್ಟಿಗೆ ವಾಸನೆ ಬಾರದಿರಲೆಂದು ಔಷಧದ್ರಾವಣ ಹಾಕುತ್ತಾರೆ. ಕೆಲವು ದ್ರಾವಣಗಳಲ್ಲಿ ಫಾರ್ಮಾಲ್ಡಿಹೈಡ್ ಇರುತ್ತದೆ. ಶಾಲೆಯ ವಿಜ್ಞಾನ ಕೊಠಡಿಯಲ್ಲಿ ಸತ್ತ ಹಾವನ್ನು ಕೊಳೆಯದಂತೆ ಗಾಜಿನ ಜಾಡಿಯಲ್ಲಿಡುವ ಫಾರ್ಮಲಿನ್‌ನಲ್ಲಿರುವುದೂ ಅದೇ. ಕೊಳೆಯಿಸುವ ಸೂಕ್ಷ್ಮಜೀವಿಗಳನ್ನು ಕೊಲ್ಲುವುದೇ ಅದರ ಕೆಲಸ. ಅತಿಥಿ “ಇದೂ ಗೊಬ್ಬರವೇ ಅಲ್ಲವೇ” ಎಂದು ನಿಮ್ಮ ಗೋಬರ್ ಗ್ಯಾಸ್ ಗುಂಡಿಗೆ ಸುರಿದರೆ, ಅನಿಲ ಹುಟ್ಟಿಸುವ ಜೀವಿಗಳು ಸತ್ತು ಒಲೆ ಆರೀತು. ತಿಪ್ಪೆಗೂ ಬೇಡ, ಬಾವಿಯ ಹತ್ತಿರವಂತೂ ಬೇಡವೇ ಬೇಡ. ತಂದದ್ದನ್ನು ಮುಚ್ಚಿಕೊಂಡು ವಾಪಸು ಒಯ್ಯಲಿ. ನಿಮ್ಮ ಮನೆಯ ಶೌಚಾಲಯ ಬಳಸಿಕೊಳ್ಳಿ ಎಂದರೆ ಇನ್ನೂ ಒಳ್ಳೆಯದು. ಸ್ನಾನ, ಪಾತ್ರೆ ತೊಳೆದ ನೀರನ್ನು ತೆಂಗಿನ ಪಾತಿಗೆ ಬಿಡಬಹುದು. ಸೋಪಿನಲ್ಲಿ ಸೋಡಿಯಂ ಇರುವುದರಿಂದ ದಿನಾ ಒಂದೇ ಪಾತಿಗೆ ಬೇಡ, ಸೊಪ್ಪಿನ ಮಡಿಗೆ ಬೇಡ.

ಬೆಂಕಿಯ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ. ಬಣವೆಯ ಸುಳಿವಿನಲ್ಲಿ ಕ್ಯಾಂಪ್ ಫೈರ್ ಎಂದವರಿಗೆ ಕೈ ಮುಗಿದು ಬೇರೆ ಊರು ತೋರಿಸಿ. ಕರೆಂಟಿಗೂ ಪಂಪ್‌ಸೆಟ್ಟಿನ ಪೆಟ್ಟಿಗೆಯಿಂದ ತಂತಿ ಎಳೆಯಬೇಡಿ. 10 ಎಚ್.ಪಿ.ವರೆಗಿನ ಪಂಪಿಗೆ ಸರ್ಕಾರ ಕೊಡುವ ಉಚಿತ ವಿದ್ಯುತ್ತು ನೀರಾವರಿಗೆ ಮಾತ್ರ. ಅಂದಹಾಗೆ, ರಾತ್ರಿ ಎರಡು ಗಂಟೆಗೆ ಮೂರು ಫೇಸ್ ಬಂದಾಗ ಟಾರ್ಚು ಹಿಡಿದು ಪಂಪು ಹಾಕಲು ಹೋಗುವವರು ಅತಿಥಿಗಳಿಗೆ ಮೊದಲೇ ತಿಳಿಸಿರಿ. ಕತ್ತಲಲ್ಲಿ ಒಬ್ಬ ಮನುಷ್ಯ ತಮ್ಮತ್ತ ನಡೆದು ಬರುವುದನ್ನು ಕಂಡು ಅವರು ಬೆದರಿಯಾರು.

ಹಣದ ಪ್ರಶ್ನೆಗೆ ಬರೋಣ. ಅಪರೂಪಕ್ಕೆ ಬಂದ ಅತಿಥಿ ಕೊಟ್ಟದ್ದನ್ನು ತೆಗೆದುಕೊಳ್ಳುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಅದಕ್ಕಿಂತ ಹಾಲು, ಮೊಟ್ಟೆ, ಸೊಪ್ಪು, ಕಡಲೆಕಾಯಿ, ಹುರುಳಿಯನ್ನು ನ್ಯಾಯವಾದ ಬೆಲೆಗೆ ಮಾರುವುದು ನನ್ನ ಮನಸ್ಸಿಗೆ ಹೆಚ್ಚು ಹಿಡಿಸುತ್ತದೆ. ಅದರಲ್ಲಿ ಮಂಡಿಯವನ ಪಾಲಿಲ್ಲ. ಆದರೆ ವರ್ಷವಿಡೀ ಬಾಡಿಗೆಗೆ ಜಾಗ ಕೊಡುವ ವ್ಯಾಪಾರಕ್ಕೆ ಇಳಿಯುವುದಾದರೆ ಅದು ಕೃಷಿಯೇತರ ಬಳಕೆಯಾಗಿ ಭೂಪರಿವರ್ತನೆಯ ಪ್ರಶ್ನೆ ಏಳುತ್ತದೆ. ಶೆಡ್ಡು ಕಟ್ಟುವ ಮೊದಲೇ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ. ಪಹಣಿಯಲ್ಲಿ ಅಣ್ಣತಮ್ಮಂದಿರ ಹೆಸರು ಜಂಟಿಯಾಗಿದ್ದರೆ ಅವರನ್ನೂ ಕೇಳಿ. ಜಾಗ ಯಾರದೆಂದು ಬಂದವರಿಗೆ ಅನುಮಾನವಿದ್ದರೆ, ಸರ್ಕಾರದ ದಿಶಾಂಕ್ ಆ್ಯಪ್ ನಿಂತ ಕಡೆಯೇ ಸರ್ವೆ ನಂಬರು ತೋರಿಸುತ್ತದೆಂದು ತಿಳಿಸಿ. ಅವರ ಜೇಬಿನಲ್ಲಿರುವ ಫೋನಿಗೆ ಅದೊಂದು ಒಳ್ಳೆಯ ಕೆಲಸ.

ನಾನು ಹೇಳಿದ ಊರಿನವರು ಮುಂದಿನ ಗ್ರಾಮಸಭೆಯಲ್ಲಿ ಗೋಕಟ್ಟೆಗೆ ಒಂದು ಫಲಕ ಹಾಕಿಸುವ ಮಾತಾಡಿದ್ದಾರೆ. ಬರಹ ಹೇಗಿರಬೇಕೆಂದು ನನ್ನನ್ನು ಕೇಳಿದರು. “ನಿಷೇಧಿಸಲಾಗಿದೆ” ಎಂದು ಮೊದಲು ಬರೆದು ಕೊಟ್ಟೆ. ಆ ಹಿರಿಯರಿಗೆ ಅದು ಒಪ್ಪಿಗೆಯಾಗಲಿಲ್ಲ. ಅವರು ಬರೆಸಿದ್ದು ಹೀಗೆ: “ಇದು ದನ ಕುಡಿಯುವ ನೀರು. ಇಲ್ಲಿ ಗಾಡಿ ನಿಲ್ಲಿಸಬೇಡಿ. ತಂಗುವವರು ಊರೊಳಗೆ ಬಂದು ಕೇಳಿ, ಜಾಗ ತೋರಿಸುತ್ತೇವೆ.”