ಗೋಪುರದ ಹತ್ತಿರ ಕೂತಿರು

ಜನವರಿ ಬಂತೆಂದರೆ ನಮ್ಮ ಮೂಡಿಗೆರೆ ಕಡೆ ಯಾರಿಗೂ ಪುರುಸೊತ್ತಿಲ್ಲ. ರೊಬಸ್ಟಾ ಕೊಯ್ಲು, ಕಣದ ತುಂಬ ಒಣಗುತ್ತಿರುವ ಕಾಫಿ, ಮೋಡ ಕಂಡರೆ ಎದೆ ಡವಡವ. ಆದರೂ ಮಕ್ಕಳೇ, ಗಣರಾಜ್ಯೋತ್ಸವದ ರಜೆಯಲ್ಲಿ ನಾವು ಮೂವರು ಹಳೇ ಸಹಪಾಠಿಗಳು ಮಂಕಿ ಕ್ಯಾಪ್ ಹಾಕಿಕೊಂಡು ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೊರಟೇಬಿಟ್ಟೆವು. ಕಳಸದ ಗೆಳೆಯನ ಕಣ್ಣು ವರ್ಷದಿಂದ ವರ್ಷಕ್ಕೆ ಮಂಜಾಗುತ್ತಿದೆ. ‘ಲಾಲ್‌ಬಾಗಿನ ಹೂವು ಇನ್ನೊಂದು ಸಲ ನೋಡಬೇಕು ಮಾರಾಯ’ ಎಂದಿದ್ದ.

1889ರ ಗಾಜಿನ ಮನೆಯೊಳಗೆ ಹೂವಿಗಿಂತ ಜನವೇ ಹೆಚ್ಚು. ಗೆಳೆಯ ಒಂದೊಂದು ಹೂವಿಗೂ ಮೂಗು ತಾಗುವಷ್ಟು ಬಗ್ಗಿ ನೋಡುತ್ತಿದ್ದ. ಹಿಂತಿರುಗಿದರೆ ಅವನಿಲ್ಲ! ಫೋನ್ ಮಾಡಿದರೆ ನನ್ನ ಚೀಲದಲ್ಲೇ ರಿಂಗಾಯಿತು. ಒಂದು ಗಂಟೆ ಹುಡುಕಿದೆವು. ಅವನ ಹೆಂಡತಿಗೆ ಏನು ಹೇಳುವುದು?

ಆಗ ನೆನಪಾಯಿತು. ಐದನೇ ಕ್ಲಾಸಿನಲ್ಲಿ ಇಲ್ಲಿಗೆ ಪ್ರವಾಸ ಬಂದಾಗ ನಮ್ಮ ಮೇಷ್ಟ್ರು ಹೇಳಿದ್ದರು: ತಪ್ಪಿಸಿಕೊಂಡವರು ಬಂಡೆ ಮೇಲಿನ ಕೆಂಪೇಗೌಡರ ಗೋಪುರದ ಹತ್ತಿರ ಕೂತಿರಬೇಕು, ಅಲ್ಲಾಡಬಾರದು.

ಏದುಸಿರು ಬಿಡುತ್ತ ಹತ್ತಿದೆವು. ಸುಮಾರು 300 ಕೋಟಿ ವರ್ಷ ಹಳೆಯ ಆ ಬಂಡೆಯ ಮೇಲೆ, ಗೋಪುರದ ನೆರಳಿನಲ್ಲಿ, ಅವನು ಕಡಲೆಕಾಯಿ ಸುಲಿಯುತ್ತ ಕೂತಿದ್ದ. ಕಂಡಕಂಡವರನ್ನು ದಾರಿ ಕೇಳಿಕೊಂಡು ಬಂದಿದ್ದನಂತೆ.

‘ಎಂಥ ಮಾರಾಯ ಇಷ್ಟೊತ್ತು? ಮೇಷ್ಟ್ರು ಹೇಳಿದ್ದು ಮರೆತೇಹೋಯ್ತಾ?’

ಮಧ್ಯಾಹ್ನ ಮತ್ತೆ ಗಾಜಿನ ಮನೆಗೆ ಹೋದೆವು. ಅವನು ನೋಡದ ಸಾಲು ಇನ್ನೂ ಎರಡು ಉಳಿದಿತ್ತು.