ವಿಹಾರಿಗಳ ಎಂಜಲು

ಮಾಲ್ಡೀವ್ಸ್ ದ್ವೀಪಗಳ ಬೆಳ್ಮರಳಿನ ಮೇಲೆ ನಾಲ್ಕು ದಿನ ಮೈಚಾಚಿ ಬರುವವರು, ತಮ್ಮ ವಿಶ್ರಾಂತಿಯಿಂದ ಯಾರಿಗೂ ಕೇಡಾಗಲಿಲ್ಲವೆಂದೇ ನಂಬಿರುತ್ತಾರೆ. ಈ ನಂಬಿಕೆ ಎಷ್ಟರಮಟ್ಟಿಗೆ ಸಾಧುವೆಂಬುದು ವಿಚಾರಾರ್ಹವಾದುದು.

ಅಲ್ಲಿ ಮೊದಲ ವಿಹಾರಗೃಹವು ತೆರೆದುದು ೧೯೭೨ರಲ್ಲಿ. ಇಪ್ಪತ್ತು ವರ್ಷಗಳ ತರುವಾಯ, ೧೯೯೨ರಲ್ಲಿ, ರಾಜಧಾನಿಯಾದ ಮಾಲೆಗೆ ಪಶ್ಚಿಮದಲ್ಲಿರುವ ತಿಲಫುಶಿಯ ಆಳವಿಲ್ಲದ ಕಡಲಿಗೆ ಕಸವನ್ನು ಸುರಿಯತೊಡಗಿದರು. ಕಸ ತುಂಬಿ ತುಂಬಿ ಅದೇ ಒಂದು ದ್ವೀಪವಾಯಿತು! ವಿಹಾರಗೃಹಗಳ ಕಸವೂ ದೋಣಿಯೇರಿ ಅಲ್ಲಿಗೇ ಹೋಯಿತು. ಬಹುಕಾಲ ಬಯಲಿನಲ್ಲಿಯೇ ಸುಡುತ್ತಿದ್ದ ಆ ರಾಶಿಯ ಹೊಗೆಯನ್ನು ಕುಡಿದವರು ವಿಹಾರಿಗಳಲ್ಲ. ಹೊಟ್ಟೆಪಾಡಿಗಾಗಿ ಬಾಂಗ್ಲಾದೇಶದಿಂದ ಬಂದು ಅಲ್ಲಿ ದುಡಿಯುತ್ತಿದ್ದ ಬಡ ಕೂಲಿಗಳು.

ವಿಹಾರಿಗಳಿಂದ ದ್ವೀಪದವರಿಗೆ ಅನ್ನ ದೊರೆಯುವುದಿಲ್ಲವೇ ಎಂದು ಕೆಲವರು ಆಕ್ಷೇಪಿಸಬಹುದು. ದೊರೆಯುವುದೇನೋ ನಿಜ. ಆದರೆ ಹಣ ತೆತ್ತವನಿಗೆ ಎಂಜಲೆಸೆಯುವ ಅಧಿಕಾರವೂ ಬರುವುದೆಂದು ಯಾವ ಧರ್ಮ ಹೇಳುತ್ತದೆ?

ವಿಹಾರಕ್ಕೆ ಹೋಗಬಾರದೆಂದಲ್ಲ. ಕೊಂಡೊಯ್ದ ಪ್ಲಾಸ್ಟಿಕ್ಕನ್ನು ಪ್ರವಾಸಿಯು ತನ್ನ ಪೆಟ್ಟಿಗೆಯಲ್ಲಿಯೇ ಮರಳಿ ತರಲಿ. ಕಸವನ್ನು ಎಲ್ಲಿಗೆ ಕಳುಹುವರೆಂದು ವಿಹಾರಗೃಹದವರನ್ನು ಕೇಳಿದ ಮೇಲೆಯೇ ಕೋಣೆಯನ್ನು ಗೊತ್ತುಮಾಡಲಿ. ಉಂಡ ಎಲೆಯನ್ನು ನೆರೆಯವನ ಹಿತ್ತಿಲಿಗೆಸೆದು ಪಡೆದ ನೆಮ್ಮದಿಗೆ ವಿಶ್ರಾಂತಿಯೆಂಬ ಹೆಸರು ಸಲ್ಲದು.