ಬದುವಿನ ಜಗಳ, ಬದುಕಿಗೆ ಕೇಡು

ಮುಂಗಾರು ಹದವಾಗಿ ನೇಗಿಲು ಹೊಲಕ್ಕಿಳಿದಾಗ ಎಷ್ಟೋ ಊರುಗಳಲ್ಲಿ ಜಗಳವೂ ಜೊತೆಗೇ ಇಳಿಯುತ್ತದೆ. ಪಕ್ಕದ ಹೊಲದವನು ಬದುವನ್ನು ಒಂದು ಸಾಲು ಒತ್ತಿ ಉತ್ತನೆಂಬುದೇ ಮೊದಲ ಮಾತು. ಮಾತಿಗೆ ಮಾತು ಬೆಳೆದು ಕುಡುಗೋಲು ಕೈಗೆ ಬರುತ್ತದೆ. ಒಂದೇ ಬಾವಿಯ ನೀರು ಕುಡಿದವರು ಠಾಣೆಯಲ್ಲಿ ದೂರು, ಪ್ರತಿದೂರು ಬರೆಸುತ್ತಾರೆ.

ಪೆಟ್ಟು ಬಿದ್ದರೇನು, ಕಟ್ಟೆಯ ಮೇಲೆ ಕೂಡಿಸಿ ರಾಜಿ ಮಾಡಿಸಿದರಾಯಿತು ಎನ್ನುವ ಹಿರಿಯರುಂಟು. ಇದು ಪೂರ್ತಿ ನಿಜವಲ್ಲ. ಸಾದಾ ಗಾಯದ ಪ್ರಕರಣವಾದರೆ, ಪೆಟ್ಟು ತಿಂದವನು ಒಪ್ಪಿದಾಗ ರಾಜಿಯುಂಟು. ಆದರೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 109ನೇ ಕಲಮಿನಡಿ ಕೊಲೆಯತ್ನವೆಂದು ದಾಖಲಾದರೆ, ಊರ ಹಿರಿಯರ ರಾಜಿಪತ್ರದಿಂದ ಅದು ಮುಗಿಯದು. ಗಾಯವೂ ಆಗಿದ್ದರೆ ಜೀವಾವಧಿಯವರೆಗೆ ಶಿಕ್ಷೆಯಾಗಬಹುದು. ಒಂದೇ ಉದ್ದೇಶದಿಂದ ಐದು ಜನ ಗುಂಪುಗೂಡಿ ಹೋದರಂತೂ, ಕೋಲೆತ್ತದೆ ಬೆನ್ನಿಗೆ ನಿಂತ ತಮ್ಮನೂ ಹೊಣೆಗಾರನೇ.

ಹಿರಿಯರ ಕೆಲಸವಿರುವುದು ಕೋಲೆತ್ತುವ ಮೊದಲು. ತಂಟೆಯ ಸುಳಿವು ಸಿಕ್ಕೊಡನೆ ಹದ್ದುಬಸ್ತಿಗೆ ಅರ್ಜಿ ಹಾಕಿಸಿ. ಸರ್ವೆಯವರು ಅಳೆದು ಗಡಿ ತೋರಿಸುವ ದಿನ ಇಬ್ಬರ ಪಕ್ಕದಲ್ಲೂ ನೀವು ನಿಲ್ಲಿ. ಕೋಪ ನೆತ್ತಿಗೇರುವುದು ಆ ಹೊತ್ತಿನಲ್ಲೇ. ಹೊಡೆದಾಟದ ಭಯವಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ 126ನೇ ಕಲಮಿನಂತೆ ತಹಶೀಲ್ದಾರರು ವಿಚಾರಿಸಿ, ಒಂದು ವರ್ಷದವರೆಗೆ ಶಾಂತಿಯ ಮುಚ್ಚಳಿಕೆ ಬರೆಸಿಕೊಳ್ಳಬಹುದು. ಇದನ್ನು ಮಾನಹಾನಿಯೆಂದು ತಿಳಿಯುವವರಿದ್ದಾರೆ. ಜೈಲಿನ ಬಾಗಿಲಲ್ಲಿ ಮಡದಿ ಮಕ್ಕಳು ಕಾದು ನಿಲ್ಲುವುದರ ಮುಂದೆ ಇದು ಯಾವ ಲೆಕ್ಕ? ಮುಚ್ಚಳಿಕೆ ಬರೆದುಕೊಟ್ಟವನು ಮರುದಿನ ತನ್ನ ಹೊಲದ ಬಿತ್ತನೆಗೆ ಹೋಗಬಹುದು.